ಉತಾದಾ ಹಿಕಾರು ಲೈವ್‌ಗಳ ಪಟ್ಟಿ: ‘ವೈಲ್ಡ್ ಲೈಫ್’ಗೆ ಎರಡನೇ ಸ್ಥಾನ, ಬೈಯುವವರು ಬೈಯಬಹುದು

ಜಪಾನಿನ ಪಾಪ್ ತಾರೆ ಉತಾದಾ ಹಿಕಾರು ಅವರ ಲೈವ್‌ಗಳಿಗೆ ರ‍್ಯಾಂಕ್ ಕೊಡುವುದು ಒಂದು ಲೆಕ್ಕದಲ್ಲಿ ಸುಲಭ, ಯಾಕೆಂದರೆ ಇರುವುದೇ ಕಡಿಮೆ. 1998ರ ಡಿಸೆಂಬರ್ 9ಕ್ಕೆ ಪಾದಾರ್ಪಣೆಯ ಹಾಡು ‘ಆಟೋಮ್ಯಾಟಿಕ್’ ಬಿಡುಗಡೆಯಾಯಿತು. ಅಲ್ಲಿಂದ 2024ರ ತನಕ ಜಪಾನಿನ ಊರೂರು ಸುತ್ತಿದ ಟೂರ್‌ಗಳು ನಾಲ್ಕೇ: 2000, 2006, 2018, 2024. 1999ರ ‘ಫಸ್ಟ್ ಲವ್’ ಆಲ್ಬಂ 76 ಲಕ್ಷಕ್ಕೂ ಹೆಚ್ಚು ಮಾರಾಟವಾಗಿ, ಜಪಾನಿನಲ್ಲಿ ಇವತ್ತಿಗೂ ಅತಿ ಹೆಚ್ಚು ಮಾರಾಟವಾದ ಆಲ್ಬಂ ಎನಿಸಿಕೊಂಡಿದೆ. ಅಷ್ಟು ದೊಡ್ಡ ಹೆಸರು, ಇಷ್ಟು ಕಡಿಮೆ ವೇದಿಕೆ. ಹಾಗಾಗಿ ಅಭಿಮಾನಿಗಳು ಇರುವಷ್ಟನ್ನೇ ಅರೆದು ಕುಡಿದಿದ್ದಾರೆ, ಪಟ್ಟಿ ಹಾಕಿದರೆ ಜಗಳ ಗ್ಯಾರಂಟಿ.

ನನ್ನ ಅಳತೆಗೋಲು ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಉತಾದಾ ಅವರ ರೆಕಾರ್ಡಿಂಗ್‌ಗಳಲ್ಲಿ ಹಿಂದೆ ಕೇಳಿಸುವ ಕೋರಸ್ ಬಹುಪಾಲು ಅವರದೇ ಧ್ವನಿ, ಪದರದ ಮೇಲೆ ಪದರ. ವೇದಿಕೆಗೆ ಬಂದರೆ ಒಂದೇ ಗಂಟಲು. ಆಗ ಉಳಿಯುವ ದಾರಿ ಮೂರು: ಹಿಂದಿನಿಂದ ಟ್ರ್ಯಾಕ್ ಓಡಿಸುವುದು, ಬೇರೆ ಗಾಯಕರನ್ನು ನಿಲ್ಲಿಸುವುದು, ಇಲ್ಲವೇ ಆ ಪದರಗಳ ಕೆಲಸವನ್ನು ಕೀಬೋರ್ಡ್‌ಗೋ ತಂತಿವಾದ್ಯಕ್ಕೋ ಒಪ್ಪಿಸಿ ಹಾಡನ್ನೇ ಹೊಸದಾಗಿ ಕಟ್ಟುವುದು. ಮೂರನೆಯದು ಎಷ್ಟು ಹೆಚ್ಚಿದೆಯೋ ಅಷ್ಟು ಮೇಲಿನ ಸ್ಥಾನ. ಎರಡನೇ ಪರೀಕ್ಷೆ ಉಸಿರಿನದು. ‘ಆಟೋಮ್ಯಾಟಿಕ್’ ಶುರುವಿನಲ್ಲೇ ಉತಾದಾ ಪದಗಳನ್ನು ನಟ್ಟನಡುವೆ ತುಂಡು ಮಾಡಿ ಮುಂದಿನ ಬೀಟ್‌ಗೆ ಜಾರಿಸುತ್ತಾರೆ. ನಮ್ಮ ಸಂಗೀತಗಾರರು ಸಾಹಿತ್ಯವನ್ನು ತಾಳಕ್ಕೆ ಒಡೆದು ಕೂರಿಸುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. ಗಂಟಲು ದಣಿದ ದಿನ ಮೊದಲು ಕೈಕೊಡುವುದು ಮೇಲಿನ ಸ್ವರವಲ್ಲ, ಈ ತುಂಡುಗಳ ಅಂಚು. ಎಲ್ಲ ಪದಗಳೂ ಒಂದಕ್ಕೊಂದು ಅಂಟಿಕೊಂಡು ಕೇಳಿಸಿದರೆ ಉಸಿರು ಸಾಲುತ್ತಿಲ್ಲ ಎಂದೇ ಅರ್ಥ.

ಮೊದಲ ಸ್ಥಾನ: ‘ಲಾಫ್ಟರ್ ಇನ್ ದ ಡಾರ್ಕ್’, ಮಕುಹಾರಿ ಮೆಸ್ಸೆ, 9 ಡಿಸೆಂಬರ್ 2018. ಪಾದಾರ್ಪಣೆಯಾಗಿ ಸರಿಯಾಗಿ 20 ವರ್ಷ ತುಂಬಿದ ದಿನ. ಟೂರ್‌ನ 12 ಪ್ರದರ್ಶನಗಳಲ್ಲಿ ಕೊನೆಯದು. ಬೇಸ್ ನುಡಿಸುತ್ತ ಬ್ಯಾಂಡ್ ನಡೆಸಿದವರು ಜೋಡಿ ಮಿಲಿನರ್. ‘ಅನಾತಾ’ದಿಂದ ಶುರು. ಮೊದಲ ಮೂರು ಹಾಡಿನೊಳಗೇ ಗೊತ್ತಾಗುತ್ತದೆ, ಈ ಬ್ಯಾಂಡ್ ಧ್ವನಿಗೆ ಜಾಗ ಬಿಟ್ಟು ನುಡಿಸುತ್ತಿದೆ ಅಂತ. ‘ಟ್ರಾವೆಲಿಂಗ್’ನಂಥ ತುಂಬಿ ತುಳುಕುವ ಹಾಡಿನಲ್ಲೂ ಡ್ರಮ್ಸ್ ಮತ್ತು ಬೇಸ್ ನಡುವೆ ಗಾಳಿ ಆಡುತ್ತದೆ.

ಎರಡು ಜಾಗ ಬಿಡಿಸಿ ಹೇಳಬೇಕು. ಒಂದು, ‘ಸಕುರಾ ಡ್ರಾಪ್ಸ್’ ಕೊನೆ. ರೆಕಾರ್ಡಿಂಗ್‌ನಲ್ಲಿ ಆ ಕೊನೆಯ ಭಾಗ ಕೋರಸ್ ಪದರಗಳ ಮೇಲೆಯೇ ನಿಂತಿದೆ. ಇಲ್ಲಿ ಉತಾದಾ ಹಾಡು ನಿಲ್ಲಿಸಿ ಸಿಂಥಸೈಜರ್ ಮುಂದೆ ನಿಂತು ತಾವೇ ನುಡಿಸುತ್ತಾರೆ. ಬೆರಳುಗಳಲ್ಲಿ ದೊಡ್ಡ ಚಮತ್ಕಾರವೇನಿಲ್ಲ, ಆದರೆ ಹಾಡಿನ ರಾಗ ಧ್ವನಿಯಿಂದ ವಾದ್ಯಕ್ಕೆ ದಾಟುವುದು ಕಣ್ಣೆದುರೇ ನಡೆಯುತ್ತದೆ. ಮೂರನೇ ದಾರಿ ಎಂದೆನಲ್ಲ, ಅದು ಇದೇ.

ಇನ್ನೊಂದು, ಮಧ್ಯದ ಕಿರುಚಿತ್ರ ಮುಗಿದ ಮೇಲಿನ ಭಾಗ. ಅಕುತಾಗಾವಾ ಪ್ರಶಸ್ತಿ ಪಡೆದ ಹಾಸ್ಯನಟ ಮತಾಯೋಶಿ ನಾವೊಕಿ ಜೊತೆ ಮಾಡಿದ ಚಿತ್ರ ಅದು. ಜಪಾನೀಸ್ ಗೊತ್ತಿಲ್ಲದಿದ್ದರೆ ಸಬ್‌ಟೈಟಲ್ ಹಾಕಿಕೊಳ್ಳಿ, ಓಡಿಸಿಬಿಡಬೇಡಿ, ಟೂರ್‌ನ ಹೆಸರಿನಲ್ಲಿರುವ ನಗು ಇರುವುದು ಅಲ್ಲೇ. ಚಿತ್ರ ಮುಗಿದ ಕೂಡಲೇ ಉತಾದಾ ಮುಖ್ಯ ವೇದಿಕೆ ಬಿಟ್ಟು ಸಭಾಂಗಣದ ನಡುವಿನ ಪುಟ್ಟ ವೇದಿಕೆಯ ಮೇಲೆ ಕಾಣಿಸಿಕೊಂಡು ‘ಚಿಕಾಯ್’ ಹಾಡುತ್ತಾರೆ. ಈ ಹಾಡಿನ ತಾಳ ಮೊದಲ ಸಲ ಕೇಳುವವರ ಕೈಗೆ ಸಿಕ್ಕುವುದಿಲ್ಲ, ಡ್ರಮ್ಸ್ ಎಡವುತ್ತಿದೆಯೇನೋ ಅನ್ನಿಸುತ್ತದೆ. ಚಪ್ಪಾಳೆ ತಟ್ಟಲು ಹೋಗಬೇಡಿ, ಧ್ವನಿಯನ್ನೇ ಹಿಡಿದುಕೊಳ್ಳಿ, ಎರಡನೇ ಸಾಲಿನ ಹೊತ್ತಿಗೆ ತಾಳ ತಾನಾಗಿ ಕೂರುತ್ತದೆ. ಅದರ ಬೆನ್ನಿಗೇ ‘ಮನಾತ್ಸು ನೊ ತೋರಿಯಾಮೆ’, ‘ಹನಾತಾಬಾ ವೊ ಕಿಮಿ ನಿ’. ಉತಾದಾ ಅವರ ತಾಯಿ, ಎಂಕಾ (ಜಪಾನಿನ ಹಳೆಯ ಶೈಲಿಯ ಭಾವುಕ ಹಾಡು) ಗಾಯಕಿ ಫುಜಿ ಕೆಯ್ಕೊ 2013ರಲ್ಲಿ ತೀರಿಕೊಂಡರು. ಈ ಎರಡೂ ಹಾಡು ಬಂದದ್ದು 2016ರಲ್ಲಿ. ಇಲ್ಲಿ ಅವುಗಳನ್ನು ಒಂದರ ಪಕ್ಕ ಒಂದು ಇಟ್ಟಿದ್ದಾರೆ, ಮಾತಿನ ಪೀಠಿಕೆ ಹಾಕಿ ಅಳಿಸುವ ಪ್ರಯತ್ನವಿಲ್ಲ.

ಆಮೇಲೆ ‘ಫಸ್ಟ್ ಲವ್’, ಅದರ ಹಿಂದೆಯೇ ‘ಹತ್ಸುಕೊಯ್’. 16ನೇ ವಯಸ್ಸಿನ ಹಾಡಿನ ಮಗ್ಗುಲಲ್ಲೇ 35ನೇ ವಯಸ್ಸಿನ ಹಾಡು. ‘ಫಸ್ಟ್ ಲವ್’ ಮೇಲಿನ ಸ್ವರಗಳಲ್ಲಿ ಧ್ವನಿ ಒರಟಾಗಿದೆ, ನಿಜ. “ಹಳೆಯ ಗಂಟಲು ಹೋಯಿತು” ಅನ್ನುವವರು ತೋರಿಸುವುದು ಇದನ್ನೇ. ನನ್ನ ವಾದ ಉಲ್ಟಾ. ಹರೆಯದ ರೆಕಾರ್ಡಿಂಗ್‌ನಲ್ಲಿ ಎಲ್ಲ ಸಾಲಿಗೂ ಒಂದೇ ಬಲ ಬಿದ್ದಿದೆ. 2018ರಲ್ಲಿ ಸಾಲಿನ ಶುರುವಿನಲ್ಲಿ ಉಸಿರು ಉಳಿಸಿ ಕೊನೆಗೆ ಖರ್ಚು ಮಾಡುತ್ತಾರೆ. ಹಾಗೆ ಉಳಿಸಿದ್ದರಿಂದಲೇ ‘ಹತ್ಸುಕೊಯ್’ನ ಉದ್ದುದ್ದ ಸಾಲುಗಳು ಮುರಿಯದೆ ನಿಲ್ಲುತ್ತವೆ, ಎನ್ಕೋರ್‌ನಲ್ಲಿ ‘ಆಟೋಮ್ಯಾಟಿಕ್’ ಬರುವಾಗಲೂ ಪದಗಳ ಅಂಚು ಹರಿತವಾಗಿಯೇ ಇರುತ್ತದೆ.

ಎರಡನೇ ಸ್ಥಾನ ‘ವೈಲ್ಡ್ ಲೈಫ್’, ಯೊಕೊಹಾಮಾ ಅರೇನಾ, 8 ಮತ್ತು 9 ಡಿಸೆಂಬರ್ 2010. “ಮನುಷ್ಯಳಾಗಿ ಬದುಕಲು” ಬಿಡುವು ತೆಗೆದುಕೊಳ್ಳುತ್ತೇನೆ ಎಂದು ಘೋಷಿಸಿ, ಹೊರಡುವ ಮುಂಚೆ ಮಾಡಿದ ಎರಡು ರಾತ್ರಿಗಳು. ಮೊದಲ ರಾತ್ರಿ ಯುಸ್ಟ್ರೀಮ್‌ನಲ್ಲಿ ಉಚಿತ ನೇರಪ್ರಸಾರವೂ ಆಯಿತು. ಇದನ್ನು ಮೊದಲ ಸ್ಥಾನಕ್ಕೆ ಏರಿಸುವವರು ಅರ್ಧ ಅಂಕ ಆ ಸಂದರ್ಭಕ್ಕೆ ಕೊಡುತ್ತಿದ್ದಾರೆ ಎಂಬುದು ನನ್ನ ತಕರಾರು. ಕಣ್ಣು ಮುಚ್ಚಿ ಬರೀ ಕೇಳಿ ನೋಡಿ: ‘ಗುಡ್‌ಬೈ ಹ್ಯಾಪಿನೆಸ್’ನಿಂದ ಶುರುವಾಗುವ ಮೊದಲ ಭಾಗದಲ್ಲಿ ಗಂಟಲು ಬಿಗಿ, ಜೋಡಣೆಯೂ ರೆಕಾರ್ಡಿಂಗ್‌ಗೆ ತೀರಾ ನಿಷ್ಠ. ಕಛೇರಿ ಕುದುರುವುದು ಎಡಿತ್ ಪಿಯಾಫ್ ಅವರ ‘ಇಮ್ನ್ ಆ ಲಾಮೂರ್’ಗೆ ಉತಾದಾ ಬರೆದ ಜಪಾನೀಸ್ ರೂಪದಿಂದ. ಜಾಜ್ ನಡೆಯ ಆ ಹಾಡಿನಲ್ಲಿ ಮೊದಲ ಬಾರಿ ಅವರು ಬೀಟ್‌ಗಿಂತ ಹಿಂದೆ ಉಳಿಯುವ ಧೈರ್ಯ ಮಾಡುತ್ತಾರೆ. ಅಲ್ಲಿಂದ ಮುಂದೆ, ಬೀಟಲ್ಸ್‌ನ ‘ಅಕ್ರಾಸ್ ದ ಯೂನಿವರ್ಸ್’ ತನಕ, ಒಂದು ಹಾಡೂ ಸೋತಿಲ್ಲ. ಕೊನೆಗೆ ‘ಟೈಮ್ ವಿಲ್ ಟೆಲ್’.

ಮೂರನೆಯದಕ್ಕೆ ಆಕ್ಷೇಪ ಬಂದೇ ಬರುತ್ತದೆ: ಲಂಡನ್ನಿನ ಏರ್ ಸ್ಟುಡಿಯೋಸ್ ಸೆಷನ್. ‘ಬ್ಯಾಡ್ ಮೋಡ್’ ಆಲ್ಬಂ ಜೊತೆಗೇ 19 ಜನವರಿ 2022ರಂದು, ಅವರ ಹುಟ್ಟುಹಬ್ಬದ ದಿನ ಪ್ರಸಾರವಾದದ್ದು. ಪ್ರೇಕ್ಷಕರೇ ಇಲ್ಲದ್ದು ಲೈವ್ ಹೇಗಾಗುತ್ತದೆ ಅಂತೀರಾ? ಒಂದೇ ಕೋಣೆಯಲ್ಲಿ ಬ್ಯಾಂಡ್ ಜೊತೆ ನಿಂತು ಹಾಡಿದರೆ ಅದು ಲೈವೇ. ‘ಒನ್ ಲಾಸ್ಟ್ ಕಿಸ್’ ಆಲ್ಬಂನಲ್ಲಿ ಪೂರ್ತಿ ಯಂತ್ರದ ಬೀಟ್, ಇಲ್ಲಿ ಮನುಷ್ಯರು ಅದನ್ನು ನುಡಿಸಿದಾಗ ಹಾಡು ಸ್ವಲ್ಪ ಭಾರವಾಗಿ ನೆಲ ಮುಟ್ಟುತ್ತದೆ. 2004ರ ‘ಹೋಟೆಲ್ ಲಾಬಿ’ಯನ್ನು ಎತ್ತಿಕೊಂಡದ್ದಕ್ಕೇ ಒಂದು ಅಂಕ ಹೆಚ್ಚು.

ನಾಲ್ಕನೆಯದು 2024ರ ‘ಸೈನ್ಸ್ ಫಿಕ್ಷನ್’ ಟೂರ್. ಫುಕುವೊಕಾದಲ್ಲಿ ಜುಲೈನಲ್ಲಿ ಶುರುವಾಗಿ, ತೈಪೆ, ಹಾಂಗ್‌ಕಾಂಗ್ ಮುಟ್ಟಿ, ಸೆಪ್ಟೆಂಬರ್ 1ಕ್ಕೆ ಯೊಕೊಹಾಮಾದಲ್ಲಿ ಮುಗಿಯಿತು. 2010ರಲ್ಲಿ ಕಛೇರಿ ಮುಗಿಸಿದ ‘ಟೈಮ್ ವಿಲ್ ಟೆಲ್’ ಇಲ್ಲಿ ಮೊದಲ ಹಾಡು, ಹಾಡುಗಳ ಕ್ರಮ ಕಟ್ಟಿದವರ ಜಾಣತನ ಮೆಚ್ಚಬೇಕು. ಆದರೆ ಮೊದಲರ್ಧದಲ್ಲಿ ಹಿಟ್‌ಗಳು ಒಂದರ ಮೇಲೊಂದು ಬೀಳುತ್ತವೆ, ಉಸಿರಾಡಲು ಬಿಡುವುದಿಲ್ಲ. ಜೀವ ಬರುವುದು ಕೊನೆಯ ಕೆಲವು ಹಾಡುಗಳಲ್ಲಿ: ‘ಬ್ಯಾಡ್ ಮೋಡ್’, ‘ಕಿಮಿ ನಿ ಮುಚ್ಯೂ’, ‘ಒನ್ ಲಾಸ್ಟ್ ಕಿಸ್’.

ಉಳಿದವು ಚುಟುಕಾಗಿ. 2001ರ ಎಂಟಿವಿ ಅನ್‌ಪ್ಲಗ್ಡ್ ಐದನೆಯದು, ‘ಫೈನಲ್ ಡಿಸ್ಟೆನ್ಸ್’ ಮತ್ತು ಯು2 ಹಾಡಿನ ಕವರ್‌ಗಾಗಿ. 2010ರ ಅಮೆರಿಕ ಮತ್ತು ಲಂಡನ್ ಪ್ರವಾಸ ‘ಇನ್ ದ ಫ್ಲೆಶ್’ ಸಣ್ಣ ಹಾಲ್‌ಗಳ ಮಜಾ, ಪ್ಲಸೀಬೊ ಅವರ ‘ದ ಬಿಟರ್ ಎಂಡ್’ ಹಾಡಿದ್ದು ಇಲ್ಲೇ. 2004ರಲ್ಲಿ ಟೋಕಿಯೊದ ಬುಡೋಕಾನ್ ಸಭಾಂಗಣದಲ್ಲಿ ಹಾಡಿದ ಐದು ದಿನ ಅದರ ನಂತರ. ‘ಉತಾದಾ ಯುನೈಟೆಡ್ 2006’ ನನ್ನ ಪಟ್ಟಿಯಲ್ಲಿ ಕೆಳಗಿದೆ: ಉಡುಪು, ಬೆಳಕು, ಪರದೆ ಎಲ್ಲ ಭರ್ಜರಿ, ಗಂಟಲು ಮಾತ್ರ ಅರ್ಧ ದಾರಿಯಲ್ಲೇ ದಣಿದಿದೆ. 2022ರಲ್ಲಿ ಅಮೆರಿಕದ ಕೋಚೆಲ್ಲಾ ಸಂಗೀತೋತ್ಸವದಲ್ಲಿ ಹಾಡಿದ್ದು ಬೆರಳೆಣಿಕೆಯ ಹಾಡು, ‘ಸಿಂಪಲ್ ಅಂಡ್ ಕ್ಲೀನ್’ಗೆ ಕುಣಿದ ಕಿಂಗ್‌ಡಮ್ ಹಾರ್ಟ್ಸ್ ವಿಡಿಯೊ ಗೇಮ್ ಮಂದಿಗೆ ಖುಷಿ, ಪಟ್ಟಿಗೆ ಸಾಲದು.

ಡಿಸ್ಕ್ ತರಿಸುವವರಿಗೆ ಒಂದು ಮಾತು. ಡಿಸ್ಕ್ ಯಾವ ಪ್ರದೇಶದ ಪ್ಲೇಯರ್‌ನಲ್ಲಿ ಓಡುತ್ತದೆ ಎಂಬುದಕ್ಕೆ ರೀಜನ್ ಎಂಬ ಗುರುತಿದೆ: ಜಪಾನಿನ ಡಿವಿಡಿ ರೀಜನ್ 2, ನಮ್ಮದು 5. ಬ್ಲೂ-ರೇ ಅಲ್ಲಿ ಎ, ನಮ್ಮಲ್ಲಿ ಸಿ. ಕೆಲವು ಡಿಸ್ಕ್‌ಗಳಿಗೆ ರೀಜನ್ ಬೀಗ ಇರುವುದಿಲ್ಲ, ಆದರೆ ಹಿಂಬದಿಯ ಗುರುತು ನೋಡದೆ ದುಡ್ಡು ಹಾಕಬೇಡಿ, ಅಲ್ಲಿನ ಬೆಲೆಗೆ ಕಸ್ಟಮ್ಸ್ ಸುಂಕವೂ ಸೇರಬಹುದು. ಮೊದಲು ಅಧಿಕೃತ ಯೂಟ್ಯೂಬ್ ಚಾನೆಲ್‌ನಲ್ಲಿರುವ 2018ರ ತುಣುಕುಗಳನ್ನು ಇಯರ್‌ಫೋನ್ ಹಾಕಿ ಕೇಳಿ. ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಬೇಸ್ ಸತ್ತುಹೋಗುತ್ತದೆ, ಬೇಸ್ ಕೇಳದಿದ್ದರೆ ನಾನು ಇಷ್ಟು ಹೊತ್ತು ಹೊಗಳಿದ ಬ್ಯಾಂಡ್‌ನ ಅರ್ಧವೂ ನಿಮಗೆ ಸಿಕ್ಕುವುದಿಲ್ಲ.