ಏಳು ತಿಂಗಳಿಂದ ಆರದ ಟವಲ್

ಬೆಳಿಗ್ಗೆ ಆರೂಕಾಲು. ಏಳೂಕಾಲಿಗೆ ಮಗಳ ಸ್ಕೂಲ್ ವ್ಯಾನು. ಬಾತ್‌ರೂಮಿನ ಬಾಗಿಲು ತೆಗೆದರೆ ಹಾಳುಬಾವಿಯ ಮುಚ್ಚಳ ಸರಿಸಿದ ಹಾಗೆ ತಣ್ಣನೆಯ ಮುಗ್ಗಲು ಗಾಳಿ ಮುಖಕ್ಕೆ ಹೊಡೆಯುತ್ತೆ. ಅವಳು ತುದಿಗಾಲಲ್ಲಿ ಟೈಲ್ಸ್ ದಾಟಿ, ಗೀಸರಿನ ಬಿಸಿನೀರು ಹುಯ್ಕೊಂಡು, ಹಲ್ಲು ಕಟಕಟ ಅನ್ನಿಸುತ್ತಾ ಕೊಕ್ಕೆಯಿಂದ ಟವಲ್ ಎಳೀತಾಳೆ. ಆಮೇಲೆ ದಿನಾ ಅದೇ ಕೂಗು: "ಅಮ್ಮಾ, ಇದು ಒದ್ದೆ ಇದೆ!"

ಒದ್ದೆ ಇರದೆ ಇನ್ನೇನು? ನಿನ್ನೆ ಒರೆಸಿಕೊಂಡಿದ್ದು. ಮೊನ್ನೆಯದೂ ಸ್ವಲ್ಪ ಉಳಿದಿರುತ್ತೆ. ಹೋದ ವಾರ ಅವಳು ಟವಲ್ ಮೂಸಿ, ನಾಯಿ ಮಳೇಲಿ ನೆಂದು ಬಂದ ವಾಸನೆ ಅಂದಳು. ಒಗೆದು ಎರಡೇ ದಿನ ಆಗಿತ್ತು ಮಾರಾಯ್ರೆ!

ನಾವು ಈ ಮನೆಗೆ ಬಂದಿದ್ದು ಜೂನ್ ಕೊನೆಗೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟು, ಎರಡನೇ ಮಹಡಿ. ಮನೆ ನೋಡೋಕೆ ಬಂದ ದಿನ ಹಾಲ್ ನೋಡಿದೆವು, ಅಡುಗೆಮನೆ ನೋಡಿದೆವು, ನಲ್ಲಿ ತಿರುಗಿಸಿ ನೀರು ಬರುತ್ತಾ ಅಂತ ನೋಡಿದೆವು. ಬಾತ್‌ರೂಮಿನ ಗಾಳಿಕಿಂಡಿ ಎಲ್ಲಿಗೆ ತೆರೆಯುತ್ತೆ ಅಂತ ಮಾತ್ರ ಯಾರೂ ನೋಡಲಿಲ್ಲ. ಅದು ತೆರೆಯೋದು ಡಕ್ಟಿಗೆ. ಆರು ಮಹಡಿಯ ಪೈಪುಗಳು ಒಂದೇ ಕಡೆ ಇಳಿಯುವ, ಹಗಲು ಹನ್ನೆರಡಕ್ಕೂ ಕತ್ತಲಾಗಿರುವ ಕೊಳವೆ. ಬಿಸಿಲು ಬಿಡಿ, ಅಲ್ಲಿ ಗಾಳಿಯೇ ಅಲ್ಲಾಡಲ್ಲ. ಕೆಳಗಿನ ಮನೆಯವರು ಬೀಡಿ ಸೇದಿದರೆ ಮಾತ್ರ ತಪ್ಪದೆ ನಮ್ಮಲ್ಲಿಗೆ ಬರುತ್ತೆ.

ಆರಿದ್ರಾ ಮಳೆ ಆರದೆ ಹುಯ್ಯುತ್ತೆ ಅಂತಾರೆ ನಮ್ಮ ಕಡೆ. ಆ ಮಳೆಯಲ್ಲೇ ಮನೆ ಬದಲಾಯಿಸಿದ್ದಕ್ಕೋ ಏನೋ, ಅವತ್ತು ಒದ್ದೆಯಾದ ಟವಲ್ ಸಂಕ್ರಾಂತಿ ಬಂದರೂ ಆರಿಲ್ಲ.

ಇದನ್ನ ಯಾರ ಹತ್ತಿರ ಹೇಳಿಕೊಂಡರೂ "ಬೆಂಗಳೂರಲ್ಲಿ ಎಂಥಾ ಚಳಿ ರೀ" ಅಂತ ನಗ್ತಾರೆ. ಗೊತ್ತು ಸ್ವಾಮಿ. ಈ ಊರಿನ ದಾಖಲೆಯ ಚಳಿ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಅಂಥದ್ದೇನೂ ಈಗಿಲ್ಲ. ಆದರೆ ಹೊರಗಿನ ಚಳಿಗೆ ಹತ್ತು ಗಂಟೆಗೆ ಬಿಸಿಲು ಬರುತ್ತೆ. ನಮ್ಮ ಬಾತ್‌ರೂಮಿಗೆ ಹತ್ತು ಗಂಟೆ ಅನ್ನೋದೇ ಇಲ್ಲ. ಒದ್ದೆ ಗೋಡೆ, ಒದ್ದೆ ನೆಲ, ಒದ್ದೆ ಬಟ್ಟೆ, ಇವೆಲ್ಲ ಆರೋಕೆ ಹವಣಿಸ್ತಾ ಸುತ್ತಲಿನ ಶಾಖ ಹೀರ್ತಾನೇ ಇರುತ್ವೆ. ಹಾಗಾಗಿ ಥಂಡಿ ಬೇರೆ, ತೇವ ಬೇರೆ ಅಂತಿಲ್ಲ ಇಲ್ಲಿ. ಎರಡೂ ಒಂದೇ ರೋಗ.

ಹಾಗಾದರೆ ಬಾಲ್ಕನೀಲಿ ಹಾಕಿ ಅಂತೀರಿ. ಹಾಕಿದ್ದೆ. ಪೂರ್ವಕ್ಕಿರುವ ಬಾಲ್ಕನಿ, ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತೆ. ಮೂರನೇ ದಿನಕ್ಕೆ ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿನಲ್ಲಿ ನನ್ನ ಹಳದಿ ಟವಲ್ಲಿನ ಫೋಟೊ. ಅದರ ಸುತ್ತ ಕೆಂಪು ಗೆರೆಯಲ್ಲಿ ವೃತ್ತ, ಕಳ್ಳನನ್ನು ಗುರುತು ಹಿಡಿದ ಹಾಗೆ. ಕಟ್ಟಡದ ಅಂದ ಕೆಡುತ್ತದಂತೆ, ಇನ್ನೊಮ್ಮೆ ಕಂಡರೆ ₹500 ದಂಡವಂತೆ. ಟೆರೇಸಿಗೆ ಹೋಗೋಣ ಅಂದರೆ ಅಲ್ಲಿ ಸೋಲಾರ್ ಇದೆ ಅಂತ ಬೀಗ. ಆ ಸೋಲಾರಿನ ಬಿಸಿನೀರೂ ಮೇಲಿನ ಎರಡು ಮಹಡಿಗೆ ಮಾತ್ರ. ಅಂದರೆ ಇಡೀ ಕಟ್ಟಡದ ಬಿಸಿಲು ಬೀಗದೊಳಗೆ, ನಮಗೆ ಡಕ್ಟು.

ಈ ದೇಶದಲ್ಲಿ ಬಟ್ಟೆ ಬಿಸಿಲಿಗೆ ಹಾಕೋದು ಯಾವತ್ತಿನಿಂದ ಅಸಹ್ಯ ಆಯ್ತು? ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿದರೆ ಅಂದ, ಟವಲ್ ಹಾಕಿದರೆ ಕೊಳಕು! ಇರಲಿ, ಈ ವಿಷಯಕ್ಕೆ ಹೋದರೆ ನನ್ನ ಬಿಪಿ ಏರುತ್ತೆ.

ಓನರಿಗೆ ಫೋನ್ ಮಾಡಿದೆ. "ಸರ್, ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿಕೊಡಿ." ಅವರ ಉತ್ತರ: "ಹಿಂದಿನವರು ನಾಲ್ಕು ವರ್ಷ ಇದ್ದರು ಮೇಡಂ, ಒಂದು ದಿನ ಕಂಪ್ಲೇಂಟ್ ಮಾಡ್ಲಿಲ್ಲ. ನೀವು ಬಾಗಿಲು ತೆಗೆದಿಡಿ." ಹಿಂದಿನವರು ಬಿಟ್ಟುಹೋದ ಕಪ್ಪು ಬೂಷ್ಟು ಇನ್ನೂ ಸೀಲಿಂಗಿನ ಮೂಲೆಯಲ್ಲಿದೆ, ಅದೇ ಅವರ ಕಂಪ್ಲೇಂಟು.

ನಮ್ಮ ಯಜಮಾನರಿಗೆ ಎಲ್ಲದಕ್ಕೂ ಪರಿಹಾರ ಆನ್‌ಲೈನಿನಲ್ಲಿ ಸಿಗುತ್ತೆ. ಡಿಸೆಂಬರಿನಲ್ಲಿ 2000 ವಾಟ್‌ನ ರೂಮ್ ಹೀಟರ್ ತರಿಸಿದರು. ಬಾತ್‌ರೂಮಿನಲ್ಲಿರೋ ಒಂದೇ ಪಾಯಿಂಟು ಗೀಸರಿಗೆ, ಅದಕ್ಕೆ ಬೆಡ್‌ರೂಮಿನಿಂದ ಎಕ್ಸ್‌ಟೆನ್ಷನ್ ಎಳೆದರು. ಹೀಟರಿನ ದಪ್ಪ ಪಿನ್ನು ಅದಕ್ಕೆ ಹೋಗಲ್ಲ, ಕನ್ವರ್ಟರ್ ಸಿಕ್ಕಿಸಿದರು. ಮೊದಲ ದಿನ ಬೆಚ್ಚಗಾಯ್ತು, ನಿಜ. ಎರಡನೇ ದಿನ ಸೀಲಿಂಗಿನಿಂದ ಹನಿ ತೊಟ್ಟಿಕ್ಕೋಕೆ ಶುರು. ಮೂರನೇ ದಿನ ಬೆಡ್‌ರೂಮಿನಲ್ಲಿ ಸುಟ್ಟ ವಾಸನೆ, ಎಕ್ಸ್‌ಟೆನ್ಷನ್ ಬೋರ್ಡ್ ಕರಗಿ ಕನ್ವರ್ಟರಿಗೆ ಅಂಟಿಕೊಂಡಿತ್ತು.

ಬಂದ ಎಲೆಕ್ಟ್ರಿಷಿಯನ್ ಹುಡುಗ ತಲೆ ಚಚ್ಚಿಕೊಂಡ. "ಅಕ್ಕಾ, ಇದು ಆರು ಆಂಪ್ಸ್ ಪಾಯಿಂಟು. ಹೀಟರು ಒಂಬತ್ತು ಆಂಪ್ಸ್ ಎಳೆಯುತ್ತೆ. ಮನೆ ಸುಟ್ಟು ಹೋಗದಿದ್ದದ್ದೇ ಪುಣ್ಯ. ಅದೂ ಬಾತ್‌ರೂಮಲ್ಲಿ, ಒದ್ದೆ ಕೈಯಲ್ಲಿ!" ಯಜಮಾನರು ಆ ಹೊತ್ತಿಗೆ ಸರಿಯಾಗಿ ಆಫೀಸ್ ಕಾಲ್‌ನಲ್ಲಿದ್ದರು.

ಪಕ್ಕದ ಮನೆಯಾಕೆ ಒಂದು ಮಡಕೆಯಲ್ಲಿ ಕೆಂಡ ಇಡಿ ಅಂದರು. ಗಾಳಿಯಾಡದ ಬಾತ್‌ರೂಮಿನಲ್ಲಿ ಕೆಂಡವೂ ಬೇಡ, ಗ್ಯಾಸ್ ಗೀಸರೂ ಬೇಡ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಒಳಗಿದ್ದವರು ಹೊರಗೆ ಬರಲ್ಲ. ಇದೊಂದನ್ನ ಮಾತ್ರ ಸಿಟ್ಟು ಬದಿಗಿಟ್ಟು ಹೇಳ್ತಿದ್ದೇನೆ.

ಹೀಟರ್ ಕಥೆ ಆದಮೇಲೆ ಹಟ ಹಿಡಿಯಿತು. ಅಡುಗೆಮನೆಯ ತೂಕದ ಯಂತ್ರ ತಗೊಂಡು ಟವಲ್ ತೂಗಿದೆ. ಇಸ್ತ್ರಿ ಮಾಡಿ ಪೂರ್ತಿ ಒಣಗಿಸಿದ ಟರ್ಕಿ ಟವಲ್ 510 ಗ್ರಾಂ. ಸ್ನಾನ ಮಾಡಿ ಒರೆಸಿಕೊಂಡ ಮೇಲೆ 690. ಅಂದರೆ 180 ಗ್ರಾಂ ನೀರು. ಮಾರನೇ ದಿನ ಬೆಳಿಗ್ಗೆ ಅದೇ ಕೊಕ್ಕೆಯಿಂದ ತೆಗೆದು ತೂಗಿದರೆ 605. ಒಂದು ಹಗಲು ಒಂದು ರಾತ್ರಿ ನೇತಾಡಿದರೂ ಅರ್ಧಕ್ಕಿಂತ ಹೆಚ್ಚು ನೀರು ಅದರಲ್ಲೇ.

ಆಮೇಲೆ ಲೆಕ್ಕ ಹಾಕಿದೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಡೋದು ಸುಮಾರು 17 ಗ್ರಾಂ ನೀರಾವಿ, ಅಷ್ಟೇ. ನಮ್ಮ ಬಾತ್‌ರೂಮು ಐದಡಿಗೆ ಏಳಡಿ, ಎತ್ತರ ಒಂಬತ್ತಡಿ, ಒಟ್ಟು ಒಂಬತ್ತು ಘನ ಮೀಟರ್ ಇದ್ದರೆ ಹೆಚ್ಚು. ಗುಣಿಸಿ ನೋಡಿ. ಒಳಗಿನ ಗಾಳಿ ಮರಳುಗಾಡಿನ ಹಾಗೆ ಒಣಗಿದ್ದರೂ ನೂರೈವತ್ತು ಚಿಲ್ಲರೆ ಗ್ರಾಂ ನೀರಿಗೆ ಜಾಗ. ಒಂದೇ ಒಂದು ಟವಲ್ ಆರೋಕೂ ಸಾಲದು! ಇಲ್ಲಿ ತೂಗುಬಿದ್ದಿರೋದು ಮೂರು. ಅದೂ ಸ್ನಾನದ ಹಬೆ ಮೊದಲೇ ತುಂಬಿಕೊಂಡ ಗಾಳಿಯಲ್ಲಿ. 30 ಡಿಗ್ರಿಗೆ ಬಿಸಿ ಮಾಡಿದರೆ ಘನ ಮೀಟರಿಗೆ 30 ಗ್ರಾಂ ಹಿಡಿಯುತ್ತೆ. ಹೀಟರ್ ಆರಿಸಿ ತಣ್ಣಗಾದ ಕೂಡಲೇ ಹೆಚ್ಚಿಗೆ ಹಿಡಿದಿದ್ದನ್ನೆಲ್ಲ ಗೋಡೆ ಮೇಲೆ ವಾಪಸ್ ಕಕ್ಕುತ್ತೆ. ಸೀಲಿಂಗಿನಿಂದ ಹನಿ ಬಿದ್ದದ್ದು ಅದೇ. ನಾವು ತಿಂಗಳಿಡೀ ಒಂದೇ ನೀರನ್ನ ಟವಲ್ಲಿನಿಂದ ಗೋಡೆಗೆ, ಗೋಡೆಯಿಂದ ಟವಲ್ಲಿಗೆ ಓಡಾಡಿಸ್ತಿದ್ದೆವು!

ವಾಸನೆಗೂ ಕಾರಣ ಇದೇ. 2012ರಲ್ಲಿ ಜಪಾನಿನ ಸಂಶೋಧಕರು ಒಗೆದ ಬಟ್ಟೆಯ ಮುಗ್ಗಲು ನಾತಕ್ಕೆ ಮೊರಾಕ್ಸೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಮುಖ್ಯ ಕಾರಣ ಅಂತ ತೋರಿಸಿಕೊಟ್ಟರು. ಅದಕ್ಕೆ ಬೇಕಾದ್ದು ತೇವ ಮತ್ತು ಸಮಯ, ನಮ್ಮಲ್ಲಿ ಎರಡೂ ಧಾರಾಳ. ನಾನು ಪೆದ್ದಿ, ನಾತ ಹೋಗಲಿ ಅಂತ ಬಟ್ಟೆ ಮೆತ್ತಗಾಗಿಸುವ ಪರಿಮಳದ ಕಂಫರ್ಟ್ ಸುರಿಯುತ್ತಿದ್ದೆ. ಅದು ನೂಲಿಗೆ ಜಿಡ್ಡಿನ ಹಾಗೆ ಮೆತ್ತಿಕೊಂಡು ಟವಲ್ ನೀರು ಹೀರೋದನ್ನೇ ಕಡಿಮೆ ಮಾಡಿತು. ಈಗ ಕುದಿವ ನೀರಿನಲ್ಲಿ ನೆನೆಸಿ ಒಗೆಯೋದು, ಅಷ್ಟೇ.

ದೀಪಾವಳಿಗೆ ಬಂದಿದ್ದ ಅಮ್ಮ ಮೊದಲ ದಿನವೇ ಬಾತ್‌ರೂಮಿನಲ್ಲಿ ನಿಂತು ತಲೆ ಎತ್ತಿ ನೋಡಿ, "ಎಂತ ಬಚ್ಚಲೆ ಇದು? ಹಬೆ ಹೋಗೂಕೆ ದಾರಿಯೇ ಇಲ್ಲ" ಅಂದಿದ್ದಳು. ಆಗ ಸಿಟ್ಟು ಬಂದಿತ್ತು. ಲೆಕ್ಕ ಹಾಕಿದ ಮೇಲೆ ನಾಚಿಕೆಯಾಯ್ತು. ಏಳನೇ ಕ್ಲಾಸ್ ಓದಿದವಳಿಗೆ ಒಂದು ನೋಟದಲ್ಲಿ ಗೊತ್ತಾಗಿದ್ದು ಇಂಜಿನಿಯರಿಂಗ್ ಓದಿದ ನಮ್ಮಿಬ್ಬರಿಗೆ ಬೋರ್ಡ್ ಸುಟ್ಟ ಮೇಲೆ ಗೊತ್ತಾಯ್ತು.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಬಚ್ಚಲಲ್ಲಿ ಮಣ್ಣಿನ ಒಲೆ ಮೇಲೆ ಕೂರಿಸಿದ ತಾಮ್ರದ ಹಂಡೆ. ಬೆಳಿಗ್ಗೆ ಐದಕ್ಕೆ ಅಡಿಕೆ ಸಿಪ್ಪೆ, ತೆಂಗಿನ ಗರಿ ಹಾಕಿ ಹಚ್ಚಿದ ಬೆಂಕಿ, ಆಮೇಲೆ ಒಂದು ದಪ್ಪ ಮರದ ಕುಂಟೆ ತುರುಕಿದರೆ ಮಧ್ಯಾಹ್ನದವರೆಗೂ ಕೆಂಡ. ಒಲೆಯ ಮೇಲೆ, ಕೈಗೆ ಎಟುಕುವ ಎತ್ತರದಲ್ಲಿ ಬಿದಿರಿನ ಗಳ. ಅದರ ಮೇಲೆ ಮನೆಮಂದಿಯ ಬೈರಾಸುಗಳು, ಅಂದರೆ ತೆಳು ಹತ್ತಿಯ ಟವಲ್ಲುಗಳು. ಹಬೆ, ಹೊಗೆ ಎರಡೂ ಹೆಂಚಿನ ಸಂದಿನಿಂದ ಹೊರಗೆ. ಹೊರಗೆ ಮೂರು ದಿನದಿಂದ ಜಡಿಮಳೆ ಹುಯ್ಯುತ್ತಿದ್ದರೂ ಬೈರಾಸು ಮುಟ್ಟಿದರೆ ಹಪ್ಪಳದ ಹಾಗೆ ಗರಿಗರಿ.

ಸುಮ್ಮನೆ ಹೊಗಳ್ತಿಲ್ಲ. ಆ ಒಲೆ ಊದಿ ಊದಿ ಅಮ್ಮನ ಕಣ್ಣು ಸದಾ ಕೆಂಪು. ಸೌದೆ ಹೊತ್ತವಳೂ ಅವಳೇ. ಶಿವಮೊಗ್ಗದ ಹಾಸ್ಟೆಲ್ಲಿಗೆ ಸೇರಿದಾಗ ನನ್ನ ಬಟ್ಟೆಯೆಲ್ಲ ಹೊಗೆ ವಾಸನೆ ಅಂತ ಹುಡುಗಿಯರು ಮೂಗು ಮುಚ್ಚಿಕೊಂಡಿದ್ದರು, ನಾನು ಅತ್ತಿದ್ದೆ. ಈಗ ನನ್ನ ಮಗಳಿಗೆ ನಾಯಿ ವಾಸನೆ.

ಕೊನೆಗೆ ಸ್ವಂತ ದುಡ್ಡಿನಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಅದೇ ಎಲೆಕ್ಟ್ರಿಷಿಯನ್ ಹುಡುಗ ಬಂದು ಗಾಳಿಕಿಂಡಿಯ ಮೂರು ಗಾಜಿನ ಪಟ್ಟಿ ಬಿಚ್ಚಿ ಆರಿಂಚಿನ ಫ್ಯಾನ್ ಕೂರಿಸಿದ. ನಿಂತಾಗ ತಾನೇ ಮುಚ್ಚಿಕೊಳ್ಳುವ ರೆಕ್ಕೆಯಿರೋದನ್ನೇ ಹಾಕಿಸಿದೆ, ಕೆಳಗಿನ ಮನೆಯ ಬೀಡಿ ಒಳಗೆ ಬರಬಾರದು. ಈಗ ಸ್ನಾನ ಆದ ಕೂಡಲೇ ವೈಪರಿನಲ್ಲಿ ಗೋಡೆ, ನೆಲ ಎಳೆದು, ಬಾಗಿಲು ಒಂದು ಗೇಣು ಬಿಟ್ಟು ಅರ್ಧ ಗಂಟೆ ಫ್ಯಾನ್ ಓಡಿಸ್ತೇನೆ. ಬಾಗಿಲು ಪೂರ್ತಿ ಮುಚ್ಚಿದರೆ ಫ್ಯಾನ್ ಎಳೆಯೋಕೆ ಗಾಳಿಯೇ ಇರಲ್ಲ, ಬರೀ ಸದ್ದು. ಟವಲ್ಲನ್ನ ಕೊಕ್ಕೆಗೆ ಮುದ್ದೆಯಾಗಿ ಸಿಕ್ಕಿಸೋದು ಬಿಟ್ಟು, ಬೆಡ್‌ರೂಮಿನ ಸೀಲಿಂಗ್ ಫ್ಯಾನ್ ಕೆಳಗೆ ಸ್ಟ್ಯಾಂಡಿನಲ್ಲಿ ಅಗಲಕ್ಕೆ ಹರವಿದರೆ ಸಂಜೆಗೆ 520 ಗ್ರಾಂ. ಅಮ್ಮ ಕಳಿಸಿದ ಬೈರಾಸು ಒಣಗಿದ್ದಾಗ ಬರೀ 120 ಗ್ರಾಂ, ಮಧ್ಯಾಹ್ನಕ್ಕೇ ಗರಿಗರಿ. ಮಗಳು ಈಗ ಅದನ್ನೇ ಕೇಳ್ತಾಳೆ. ಟೈಲ್ಸ್ ಥಂಡಿ ಪೂರ್ತಿ ಹೋಗಿಲ್ಲ. ಆದರೆ ಒಣಗಿದ ನೆಲದ ಥಂಡಿ ತಡೆಯಬಹುದು.

ಮೊನ್ನೆ ಬಾಡಿಗೆ ವಿಷಯ ಮಾತಾಡೋಕೆ ಓನರ್ ಬಂದಿದ್ದರು. ಬಾತ್‌ರೂಮಿಗೆ ಇಣುಕಿ, "ಓ, ಫ್ಯಾನ್ ಎಲ್ಲ ಹಾಕಿಸಿದೀರಿ, ಚೆನ್ನಾಗಾಯ್ತು" ಅಂದರು. ಕಾಫಿ ಕುಡಿದರು. ಮೇ ತಿಂಗಳಿಗೆ ಅಗ್ರಿಮೆಂಟ್ ಮುಗಿಯುತ್ತೆ, ಹೆಚ್ಚೇನಿಲ್ಲ, ಶೇ 5 ಏರಿಸೋಣ ಅಂದರು. ಫ್ಯಾನಿನ ದುಡ್ಡು ಬಾಡಿಗೆಯಲ್ಲಿ ಮುರ್ಕೊಳ್ಳಲಾ ಅಂದೆ. "ಅದು ನಿಮ್ಮ ಅನುಕೂಲಕ್ಕೆ ಹಾಕಿಸಿಕೊಂಡಿದ್ದಲ್ವಾ ಮೇಡಂ."

ಆಯ್ತು. ಬಿಚ್ಚಿದ ಮೂರು ಗಾಜಿನ ಪಟ್ಟಿಯನ್ನೂ ಹಳೇ ಪೇಪರ್ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಒಂದರ ಮೂಲೆ ಸ್ವಲ್ಪ ಒಡೆದಿದೆ. ಖಾಲಿ ಮಾಡುವ ದಿನ ಫ್ಯಾನ್ ಬಿಚ್ಚಿಕೊಂಡು, ಅದೇ ಗಾಜುಗಳನ್ನ ಹೇಗಿತ್ತೋ ಹಾಗೇ ಕೂರಿಸಿ ಕೊಡ್ತೇನೆ.