ಮಂಡಿಗೆ ಕರೆಂಟು, ಪ್ಯಾಡಿಗೆ ಎಂಜಲು

1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ನಮ್ಮನ್ನು ದಾಟಿಕೊಂಡು ಕೋಲಾರದ ಚಿನ್ನದ ಗಣಿಗೆ ಹೋಯಿತು. ಮಂಡ್ಯ ಸೀಮೆಯವರಿಗೆ ಆ ಬೇಜಾರು ಇನ್ನೂ ಇದೆ ಅಂತ ಕಾಣುತ್ತೆ. ಅದಕ್ಕೇ ಈಗ ಕಲ್ಯಾಣ ಮಂಟಪದಲ್ಲಿ ಸಾಲಾಗಿ ಕೂತು ಮಂಡಿಗೆ ಕರೆಂಟು ಬಿಡಿಸಿಕೊಳ್ಳುತ್ತಿದ್ದೇವೆ. ಮಂಡಿನೋವಿಗೆ ಹದಿನೈದು ದಿನ ಉಚಿತ ಶಿಬಿರ. ಮಿಷನ್ ಬೇಕಾದವರು ಇವತ್ತೇ ಬುಕ್ ಮಾಡಬೇಕು, ಅದು ಮಾತ್ರ ಉಚಿತ ಅಲ್ಲ.

ದೊಡ್ಡಪ್ಪನ ಜೊತೆಗೆ ನಾನು ಸುಮ್ನೆ ಹೋಗಿದ್ದೆ. ಮಿಷನ್ ಮೇಲೆ ನನಗೆ ತಕರಾರಿಲ್ಲ. ಟೆನ್ಸ್ ಅಂತ ಕರೆಯುವ ಈ ಪೆಟ್ಟಿಗೆಯನ್ನು ಫಿಸಿಯೋಥೆರಪಿಯವರೂ ಬಳಸುತ್ತಾರೆ. ಚರ್ಮದ ಮೇಲಿನ ಪ್ಯಾಡಿನಿಂದ ಸಣ್ಣ ಕರೆಂಟು ನರಕ್ಕೆ ಹೋಗಿ, ನೋವಿನ ಸುದ್ದಿ ಮಿದುಳಿಗೆ ಮುಟ್ಟುವುದನ್ನು ಕೊಂಚ ತಡೆಯುತ್ತೆ. ಸವೆದ ಮಂಡಿಯನ್ನು ಹೊಸದು ಮಾಡುವುದಿಲ್ಲ ಅಷ್ಟೇ. ಹಿಂದೆ ರೋಮ್‌ನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ಕಾಲುನೋವಿನವರನ್ನು ಕರೆಂಟು ಹೊಡೆಯುವ ಜೀವಂತ ಮೀನಿನ ಮೇಲೆ ನಿಲ್ಲಿಸುತ್ತಿದ್ದನಂತೆ. ಆ ಮೀನಿಗಾದರೂ ಅಂಟು ಇರಲಿಲ್ಲ.

ಅಂಟುವ ಪ್ಯಾಡು ಒಬ್ಬರದ್ದು ಇನ್ನೊಬ್ಬರಿಗೆ ಹಾಕುವಂತಿಲ್ಲ. ಇಲ್ಲಿ ನಾಲ್ಕು ಪ್ಯಾಡು, ಇಡೀ ಬೀದಿ. ಬೇರೆಯವರು ಕುಡಿದ ಲೋಟವನ್ನು ಮೂರು ಸಲ ತೊಳೆಯುವ ನಮ್ಮ ಅತ್ತೆ, ಊರಿನವರ ಬೆವರು, ಹರಳೆಣ್ಣೆ, ಮುಲಾಮು ಎಲ್ಲ ಕುಡಿದ ಪ್ಯಾಡನ್ನು ಪ್ರಸಾದದ ಹಾಗೆ ತೆಗೆದುಕೊಂಡರು. ಅಂಟು ಹೋಗಿತ್ತು. ಶಿಬಿರದ ಹುಡುಗ ಬೆರಳಿಗೆ ಉಗುಳು ಹಚ್ಚಿ ಸವರಿದ. ಆಮೇಲೂ ಅರ್ಧ ಮೇಲೆದ್ದೇ ಇತ್ತು. ಎರಡು ಬಾಗಿಲ ಬಸ್ಸಿನ ಒಂದು ಬಾಗಿಲು ಮುಚ್ಚಿದರೆ ಜನ ಇನ್ನೊಂದಕ್ಕೆ ನುಗ್ಗುತ್ತಾರಲ್ವಾ? ಕರೆಂಟೂ ಹಾಗೇ, ಅಂಟಿರುವ ಚೂರಿನಲ್ಲೇ ನುಗ್ಗುತ್ತೆ. ಚರ್ಮ ಸುಡುವುದು ಅಲ್ಲೇ.

ಸಕ್ಕರೆ ನಾಡಿನಲ್ಲಿ ಸಕ್ಕರೆ ಕಾಯಿಲೆಗೆ ಬರವೇ? ಪಕ್ಕದ ಅಜ್ಜನ ಪಾದ ಮರಗಟ್ಟಿ ಎಷ್ಟೋ ವರ್ಷವಾಗಿದೆ. "ಏನೂ ಗೊತ್ತಾಯ್ತಿಲ್ಲ ಕಣಪ್ಪ, ಇನ್ನೂ ವಸಿ ಜಾಸ್ತಿ ಮಾಡು" ಅಂದರು. ಸ್ಪರ್ಶವೇ ಗೊತ್ತಾಗದ ಕಡೆ ಪ್ಯಾಡು ಇಡಲೇಬಾರದು, ಸುಟ್ಟರೂ ತಿಳಿಯೋದಿಲ್ಲ. ಹುಡುಗ ಮಾತ್ರ ಜಾಸ್ತಿ ಮಾಡಿದ. ಗಿರಾಕಿ ದೇವರಲ್ವಾ?

ದೊಡ್ಡಪ್ಪನ ಸರದಿ ಬಂತು. ಅವರಿಗೆ ಎದೆಬಡಿತಕ್ಕೆ ಕರೆಂಟು ಕೊಡುವ ಪೇಸ್‌ಮೇಕರ್ ಇದೆಯಪ್ಪ, ಬೇಡ ಅಂದೆ.

"ಏನೂ ಆಗಲ್ಲ ಸಾರ್. ಅದೂ ಕರೆಂಟು, ಇದೂ ಕರೆಂಟು. ಹೊಂದ್ಕೊಳ್ತವೆ."

ಮಿಷನ್ ಡಬ್ಬದ ಮೇಲೆ ಏನು ಬರೆದಿದೆ ನೋಡೋಣ ಅಂತ ಎತ್ತಿಕೊಂಡೆ. ಶಿಬಿರ ಶುರುವಾದ ದಿನ ಪೂಜೆ ಮಾಡಿದ್ದರಂತೆ. ಎಚ್ಚರಿಕೆಯ ಸಾಲುಗಳ ಮೇಲೆ ಸರಿಯಾಗಿ ಅರಿಶಿನ ಕುಂಕುಮ ಬಿದ್ದಿತ್ತು. ದೊಡ್ಡಪ್ಪನನ್ನು ಎಬ್ಬಿಸಿ ಕಾಫಿಗೆ ಕಳಿಸಿದೆ. ಅವರಿಗೆ ನನ್ನ ಮೇಲೆ ಸಿಟ್ಟು ಬಂತು, ಟೋಕನ್ ದಂಡವಾಯಿತಲ್ಲ ಅಂತ.

ಅಷ್ಟರಲ್ಲಿ ಅತ್ತೆಯ ಹೊತ್ತು ಮುಗಿಯಿತು. ಹುಡುಗ ಒಂದು ಕೈ ಅವರ ಮಂಡಿ ಮೇಲಿಟ್ಟುಕೊಂಡು, ಮಿಷನ್ ಆಫ್ ಮಾಡದೇ ಇನ್ನೊಂದು ಕೈಯಲ್ಲಿ ಪ್ಯಾಡು ಕಿತ್ತ. ಜುಮ್ಮೆಂದು ಹೊಡೆಯಿತು. ಇಬ್ಬರೂ ಒಟ್ಟಿಗೆ ಕಿರುಚಿದರು.

"ಪವರ್ ನೋಡಿದ್ರಾ!" ಅಂದ ಹುಡುಗ, ಕೈ ಕೊಡವುತ್ತಾ.

ಹಿಂದಿನ ಸಾಲಿನಲ್ಲಿ ಮೂವರು ಅಲ್ಲೇ ಬುಕ್ ಮಾಡಿದರು. ಅತ್ತೆ ನಾಲ್ಕನೆಯವರು.