ಫೋರ್ ವೀಲ್ ಹಾಕಿಸೋ ಮುಂಚೆ ಟರ್ನಿಂಗ್ ನೋಡ್ರಿ

ಜಪಾನಿನ ಫೋರ್ ವೀಲ್ (ನಾಲ್ಕೂ ಗಾಲಿಗೆ ಇಂಜಿನ್ ಶಕ್ತಿ ಹೋಗೋ) ಡೆಲಿಕಾ ವ್ಯಾನ್ ಕೆಸರಲ್ಲಿ ನುಗ್ಗೋ ವಿಡಿಯೋ ನೋಡಿ ಕಾರಟಗಿ ಕಡೆ ಹುಡುಗರಿಗೆ ಹೊಸ ಹುಚ್ಚು ಹತ್ತಿದೆ. "ಕಾಕಾ, ನಮ್ಮ ಈಕೋ ವ್ಯಾನಿಗೂ ಫೋರ್ ವೀಲ್ ಕೂಡ್ರಿಸಿದ್ರ ಹೆಂಗ್ರಿ?" ಮಳೆಗಾಲದ ಎರೆಮಣ್ಣಿನ ದಾರಿ ಕಂಡವರು ಈ ಆಸೆಗೆ ನಗಲಾರರು. (ಆರ್‌ಟಿಒ ಒಪ್ಪಿಗೆಯಿಲ್ಲದೆ ಗಾಡಿ ಹೀಗೆ ಬದಲಿಸುವಂತಿಲ್ಲ, ಆ ಮಾತು ಬೇರೆ.) ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಮೇಲೆ ದಿನಾ ಓಡಾಡೋ ವ್ಯಾನಿಗೆ ಕೆಸರು ದಾಟೋ ತಾಕತ್ತಿಗಿಂತ ಒಂದೇ ಸಲಕ್ಕೆ ತಿರುಗೋದು ಮುಖ್ಯ ಅಂತೀನಿ ನಾನು.

ಈಕೋ ತರ ಹಿಂದಿನ ಗಾಲಿಗೆ ಮಾತ್ರ ಇಂಜಿನ್ ಶಕ್ತಿ ಹೋಗೋ ಗಾಡಿಯಲ್ಲಿ ಮುಂದಿನ ಗಾಲಿ ಹಗುರ, ಹೆಚ್ಚು ಹೊರಳುತ್ತೆ. ಫೋರ್ ವೀಲ್ ಆದರೆ ಅದಕ್ಕೂ ಶಾಫ್ಟ್ ಬರುತ್ತೆ, ಶಾಫ್ಟಿನ ತುದಿಗೆ ಜಾಯಿಂಟ್. ಆ ಜಾಯಿಂಟ್ ಬಾಗೋದಕ್ಕೂ ಒಂದು ಮಿತಿ ಇದೆ. ಅದು ಮುರೀಬಾರದು ಅಂತ ಸ್ಟೇರಿಂಗನ್ನು ಮೊದಲೇ ತಡೆದು ನಿಲ್ಲಿಸಿರ್ತಾರೆ. ಫ್ರಂಟ್ ವೀಲ್ ಡ್ರೈವ್ ವ್ಯಾನಿನಲ್ಲಿ ಈ ಜಾಯಿಂಟ್ ಹೇಗೂ ಇರೋದರಿಂದ ಅಲ್ಲಿ ಹೆಚ್ಚು ವ್ಯತ್ಯಾಸ ಆಗೋದಿಲ್ಲ.

ಲೆಕ್ಕ ಹಾಕಿ ನೋಡಿ. ಈಕೋ ವೀಲ್‌ಬೇಸ್ (ಮುಂದಿನ, ಹಿಂದಿನ ಗಾಲಿಗಳ ನಡುವಿನ ಅಂತರ) 2.35 ಮೀಟರ್, ಟರ್ನಿಂಗ್ ರೇಡಿಯಸ್ (ತಿರುಗೋ ಸುತ್ತಿನ ಅರ್ಧ ಅಗಲ) 4.5 ಮೀಟರ್. ಹೊರಗಿನ ಗಾಲಿ ಹೊರಳೋದು ಬರೀ 4 ಡಿಗ್ರಿ ಕಮ್ಮಿಯಾದರೂ ರೇಡಿಯಸ್ 5 ಮೀಟರ್ ದಾಟುತ್ತೆ. ಅಂದರೆ ಪೂರ್ತಿ ಸುತ್ತು ತಿರುಗೋಕೆ ಮೊದಲಿಗಿಂತ ಒಂದು ಮೀಟರಿಗೂ ಹೆಚ್ಚು ಜಾಗ ಬೇಕು. ಏರಿಯ ಮೇಲೆ ಆ ಒಂದು ಮೀಟರ್ ಅಂದರೆ ನೀರು! ಆಮೇಲೆ ಕ್ಲೀನರ್ ಇಳಿದು, ಬಾಡಿ ಬಡಿದು "ಬರ್ಲಿ ಬರ್ಲಿ, ಹೋಲ್ಡಾನ್" ಅನ್ನಬೇಕು, ಹಿಂದಿನ ಟೈರು ಅಂಚಿನ ಕಲ್ಲಿಗೆ ತಾಗಿ ನಿಲ್ಲಬೇಕು. ಹಳೇ ಓಮ್ನಿ ಇವತ್ತಿಗೂ ಗಂಗಾವತಿ ಓಣಿಗಳಲ್ಲಿ ಬಾಳ್ವೆ ಮಾಡ್ತಿರೋದು ಯಾಕೆ ಅಂತೀರಿ? 1.84 ಮೀಟರ್ ವೀಲ್‌ಬೇಸ್, 4.1 ಮೀಟರ್ ರೇಡಿಯಸ್. ಸುರಕ್ಷತೆ ವಿಷಯದಲ್ಲಿ ಅದನ್ನು ನಾನು ಹೊಗಳೋದಿಲ್ಲ, ತಿರುಗೋದರಲ್ಲಿ ಮಾತ್ರ ಅದಕ್ಕೆ ಸಾಟಿಯಿಲ್ಲ.

ಲಿವರ್ ಎಳೆದು ಫೋರ್ ವೀಲ್ ಹಾಕೋ ಗಾಡಿಗಳದ್ದು ಇನ್ನೊಂದು ತಕರಾರು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕ್ತವೆ. ನಡುವೆ ಡಿಫರೆನ್ಷಿಯಲ್ (ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಗೇರು) ಇಲ್ಲದಿದ್ದರೆ ಮುಂದೂ ಹಿಂದೂ ಒಂದೇ ವೇಗ, ಅದಕ್ಕೆ ಜಗ್ಗಾಟ ಶುರು. ಕೆಸರಲ್ಲಿ ಗಾಲಿ ಜಾರಿ ಸರಿಹೋಗುತ್ತೆ. ಸಿಸಿ ರೋಡಲ್ಲಿ ಟೈರು ಕಿರುಚುತ್ತೆ, ಗಾಡಿ ತಿರುಗೋ ಬದಲು ನೆಟ್ಟಗೆ ತಳ್ಳುತ್ತೆ. ಹೊಲದಿಂದ ರೋಡಿಗೆ ಹತ್ತಿದ ಕೂಡಲೇ ಟೂ ವೀಲಿಗೆ ಹಾಕ್ರಪ್ಪಾ.

ಇಷ್ಟಾದರೂ ಫೋರ್ ವೀಲೇ ಬೇಕು, ಸೆಕೆಂಡ್ ಹ್ಯಾಂಡ್ ಆದರೂ ಸರಿ ಅನ್ನೋರು ಮುಂಗಡ ಕೊಡೋ ಮುಂಚೆ ಖಾಲಿ ಬಯಲಿಗೆ ಒಯ್ದು, ಸ್ಟೇರಿಂಗ್ ಎರಡೂ ಕಡೆ ಫುಲ್ ಕಟ್ ಮಾಡಿ ನಿಧಾನ ಓಡಿಸಿ. ಮುಂದಿನ ಗಾಲಿ ಹತ್ತಿರ ಟಕ್ ಟಕ್ ಅಂದರೆ ಜಾಯಿಂಟ್ ಸವೆದಿದೆ ಅಂತ ತಿಳೀರಿ, ರೇಟ್ ಇಳಿಸಿ ಕೇಳಿ.